ಕಳೆದುಹೋಗದ ಅಂಕಪಟ್ಟಿಗಳು

ನನ್ನ ಹೆಸರು, ವಿಳಾಸ ಮೇಲಿನ ಕಾಲಂನಲ್ಲಿವೆ. ವಯಸ್ಸು ಮೂವತ್ಮೂರು. ಕಾರ್ಖಾನೆಯ ಬಾಯ್ಲರ್ ವಿಭಾಗದಲ್ಲಿ ಇಂಜಿನಿಯರ್. ಠಾಣೆಯ ಬರಹಗಾರರ ಮುಂದೆ ಕುಳಿತು ಹೇಳಿ ಬರೆಸುತ್ತಿರುವ ಸಂಗತಿ ಹೀಗಿದೆ. ಯಾರ ಒತ್ತಾಯವೂ ಇಲ್ಲದೆ ಎಂದು ಬರೆಯುವುದು ಬೇಡ. ಒತ್ತಾಯ ಇತ್ತು, ಅದನ್ನು ಮುಂದೆ ಹೇಳುತ್ತೇನೆ.

ನನಗೆ ಹೊರದೇಶದ ಒಂದು ವಿದ್ಯುತ್ ಸ್ಥಾವರದಲ್ಲಿ ಕೆಲಸ ಸಿಕ್ಕಿದೆ. ಬರುವ ತಿಂಗಳು ಹತ್ತನೇ ತಾರೀಖಿನೊಳಗೆ ಅಲ್ಲಿ ಹಾಜರಾಗಬೇಕು. ಅದಕ್ಕೆ ನನ್ನ ಪದವಿ ಪ್ರಮಾಣಪತ್ರ ಮತ್ತು ಅಂಕಪಟ್ಟಿಗಳ ಮೂಲಪ್ರತಿಯ ಹಿಂಬದಿಯಲ್ಲಿ ಸರ್ಕಾರಿ ದೃಢೀಕರಣ ಕಚೇರಿಯ ಮೊಹರು ಇರಬೇಕು. ಪಾಸ್‌ಪೋರ್ಟ್, ವೈದ್ಯಕೀಯ ತಪಾಸಣೆ, ಪಿಎಫ್ ಕಾಗದ ಎಲ್ಲ ಮುಗಿದಿತ್ತು. ಉಳಿತಾಯ ಖಾತೆಯನ್ನು ಅನಿವಾಸಿ ಖಾತೆಯಾಗಿ ಬದಲಾಯಿಸಲು ಬ್ಯಾಂಕಿಗೆ ಹೋದಾಗ ಮ್ಯಾನೇಜರು, ನಿಮ್ಮ ಅಣ್ಣನ ಅಂಗಡಿ ಸಾಲಕ್ಕೆ ನೀವೇ ಜಾಮೀನು, ದೇಶ ಬಿಡುವ ಮುಂಚೆ ಬೇರೆಯವರನ್ನು ನಿಲ್ಲಿಸಿ ಎಂದರು.

ನನ್ನ ಅಣ್ಣ ಬಸ್ ನಿಲ್ದಾಣದ ಎದುರು ಜೆರಾಕ್ಸ್ ಮತ್ತು ಲ್ಯಾಮಿನೇಷನ್ ಅಂಗಡಿ ಇಟ್ಟಿದ್ದಾನೆ. ಅಮ್ಮ ಅವನ ಮನೆಯಲ್ಲೇ ಇರುತ್ತಾಳೆ. ಭಾನುವಾರ ಅಲ್ಲಿಗೆ ಹೋಗಿ ಜಾಮೀನಿನ ವಿಷಯ ತೆಗೆದೆ. ಅತ್ತಿಗೆಯ ತಮ್ಮನನ್ನು ಕೇಳು ಎಂದೂ ಹೇಳಿದೆ. ಅಣ್ಣ ಊಟದ ತಟ್ಟೆ ತಳ್ಳಿ ಎದ್ದ. ರೆಕ್ಕೆ ಬಂತಲ್ಲ, ಇನ್ನು ನಾವೆಲ್ಲ ಯಾಕೆ ಬೇಕು, ನಡುನೀರಲ್ಲಿ ಕೈಬಿಟ್ಟು ಹೋಗು ಅಂತ ಕೂಗಾಡಿದ. ನಾನೂ ಬಾಯಿಗೆ ಬೀಗ ಹಾಕಿಕೊಂಡು ಕೂರಲಿಲ್ಲ. ಎಂಟು ವರ್ಷದಿಂದ ನಿನ್ನ ಸಾಲಕ್ಕೆ ನನ್ನ ಕುತ್ತಿಗೆ ಕೊಟ್ಟಿದೀನಿ, ಒಂದು ದಿನ ಒಳ್ಳೆ ಮಾತಾಡಿದೀಯಾ ಎಂದು ಕೇಳಿದೆ. ಅಮ್ಮ ಇಬ್ಬರಿಗೂ ಬೈದು ಒಳಗೆ ಹೋದಳು.

ಎರಡು ದಿನ ಬಿಟ್ಟು ಅಣ್ಣನೇ ಫೋನ್ ಮಾಡಿದ. ಮಾತು ಬೆಣ್ಣೆಯ ಹಾಗಿತ್ತು. ಹೋಗ್ಲಿ ಬಿಡು ಪುಟ್ಟಿ, ಸಿಟ್ಟಲ್ಲಿ ಏನೋ ಅಂದೆ, ಜಾಮೀನಿಗೆ ಯಾರನ್ನಾದ್ರೂ ಹುಡುಕ್ತೀನಿ, ನಿನ್ನ ಸರ್ಟಿಫಿಕೇಟ್ ತಂದುಕೊಡು, ಜೆರಾಕ್ಸ್ ನಾನೇ ಮಾಡ್ಕೊಡ್ತೀನಿ ಅಂದ. ಒಂಬತ್ತು ಮೂಲಪ್ರತಿಗಳನ್ನು ಕೊಟ್ಟು ಬಂದೆ. ಕಾರ್ಖಾನೆಯಲ್ಲಿ ಮೀಟರಿನ ಮುಳ್ಳನ್ನು ಎರಡು ಸಲ ನೋಡದೆ ನಂಬುವವಳಲ್ಲ ನಾನು. ಅಣ್ಣನನ್ನು ಒಂದು ಸಲವೂ ನೋಡದೆ ನಂಬಿದೆ.

ಮರುದಿನ ಸಂಜೆ ಒಂಬತ್ತನ್ನೂ ದಪ್ಪ ಪ್ಲಾಸ್ಟಿಕ್ಕಿನಲ್ಲಿ ಲ್ಯಾಮಿನೇಷನ್ ಮಾಡಿ ಮನೆಗೆ ತಂದುಕೊಟ್ಟ. ಅಲ್ಲೆಲ್ಲ ಬರೀ ಮಳೆ, ಚಳಿ ಅಂತೆ, ಒಳ್ಳೇ ಶೀಟು ಹಾಕಿದೀನಿ, ದುಡ್ಡು ಗಿಡ್ಡು ಬೇಡ ಅಂತ ನಕ್ಕ. ದೃಢೀಕರಣ ಕಚೇರಿಯ ಗುಮಾಸ್ತರು ಅದನ್ನು ಉಗುರಿನಿಂದ ತಟ್ಟಿ ನೋಡಿ, ಮೊಹರು ಎಲ್ಲಿ ಒತ್ತಲಮ್ಮ, ಪ್ಲಾಸ್ಟಿಕ್ ಮೇಲಾ ಎಂದು ಕೇಳಿ ವಾಪಸ್ ತಳ್ಳಿದರು. ಮನೆಗೆ ಬಂದು ಒಂದರ ಮೂಲೆಯನ್ನು ಬಿಡಿಸಲು ನೋಡಿದೆ. ಪ್ಲಾಸ್ಟಿಕ್ಕಿನ ಜೊತೆ ಅಕ್ಷರಗಳೂ ಎದ್ದು ಬಂದವು. ಅಲ್ಲಿಗೆ ನಿಲ್ಲಿಸಿದೆ. ವಿಶ್ವವಿದ್ಯಾಲಯದಲ್ಲಿ ವಿಚಾರಿಸಿದಾಗ, ಹಾಳಾದವಕ್ಕೆ ಸಮಿತಿ ಕೂತು ಹೊಸ ಪ್ರತಿ ಕೊಡಲು ನಾಲ್ಕು ತಿಂಗಳು, ಕಳೆದುಹೋದವಕ್ಕೆ ಪೊಲೀಸರ ಪತ್ರ ತಂದರೆ ಹದಿನೈದು ದಿನ ಎಂದರು.

ಅಣ್ಣನಿಗೆ ತಿಳಿಯದೆ ಆಯಿತು ಎಂದು ಯಾರೂ ನನಗೆ ಹೇಳಬೇಡಿ. ಮೂರು ವರ್ಷದ ಹಿಂದೆ ಹೊರದೇಶಕ್ಕೆ ಹೊರಟಿದ್ದ ಒಬ್ಬ ನರ್ಸಿನ ಅಂಕಪಟ್ಟಿಗೆ ಅವನು ಇದೇ ಕೆಲಸ ಮಾಡಿದ್ದ. ಆಗ ಅದು ನಿಜವಾಗಿಯೂ ಗೊತ್ತಿಲ್ಲದೆ ಆದದ್ದು. ಆಕೆಯ ಅಪ್ಪ ಅಂಗಡಿಗೆ ಬಂದು ಕೊರಳಪಟ್ಟಿ ಹಿಡಿದಿದ್ದರು. ಮರುದಿನವೇ ಅಣ್ಣ, ಮೂಲ ಅಂಕಪಟ್ಟಿಗಳಿಗೆ ಇಲ್ಲಿ ಲ್ಯಾಮಿನೇಷನ್ ಮಾಡುವುದಿಲ್ಲ, ಹೊರದೇಶಕ್ಕೆ ಹೋಗುವವರು ಗಮನಿಸಿ ಎಂದು ತನ್ನ ಕೈಯಾರೆ ಬೋರ್ಡು ಬರೆದು ಯಂತ್ರದ ಮೇಲಿನ ಗೋಡೆಗೆ ತೂಗುಹಾಕಿದ. ಆ ಬೋರ್ಡನ್ನೂ ಲ್ಯಾಮಿನೇಷನ್ ಮಾಡಿದ್ದ. ಈ ಸಲ ನಾನು ಅಂಗಡಿಗೆ ಓಡಿದಾಗ ಅಲ್ಲಿ ಎರಡು ಮೊಳೆ ಇದ್ದವು, ನಡುವೆ ಬಣ್ಣ ಮಾಸದ ಒಂದು ಚೌಕ ಇತ್ತು. ಬೋರ್ಡು ಎಲ್ಲಿ ಎಂದು ಕೇಳಿದೆ. ಯಾವ ಬೋರ್ಡು, ನಿನಗೆಲ್ಲೋ ತಲೆ ಕೆಟ್ಟಿದೆ ಅಂದ.

ಆಮೇಲೆ ಅವನೇ ಉಪಾಯ ಹೇಳಿದ. ಬಸ್ಸಲ್ಲಿ ಕಳೆದುಹೋಯ್ತು ಅಂತ ಪೊಲೀಸರ ಹತ್ತಿರ ಬರೆಸು, ನಾನೇ ಬಂದು ಸಾಕ್ಷಿ ಹಾಕ್ತೀನಿ, ಈ ಹಳೇವು ನನ್ನ ಅಂಗಡೀಲೇ ಇರಲಿ, ಜಾಮೀನಿನ ಮಾತು ಇನ್ನು ಎತ್ತಬೇಡ ಅಂದ. ಅಂದರೆ ನಾನು ಸರ್ಕಾರಕ್ಕೆ ಸುಳ್ಳು ಹೇಳಿ ವಿಮಾನ ಹತ್ತಬೇಕು, ಆ ಸುಳ್ಳಿನ ಸಾಕ್ಷಿ ಅವನ ಮೇಜಿನ ಖಾನೆಯಲ್ಲಿ ಭದ್ರವಾಗಿರಬೇಕು. ಎಲ್ಲಿಗೆ ಹೋದರೂ ನನ್ನ ಜುಟ್ಟು ಅವನ ಕೈಯಲ್ಲೇ. ಅಮ್ಮನೂ ಕಣ್ಣೀರು ಹಾಕಿ, ಒಂದು ಮಾತು ಕಣೇ, ಹೇಳಿಬಿಡು, ಮನೆ ಮರ್ಯಾದೆ ಉಳಿಯುತ್ತೆ ಅಂದಳು. ಮೇಲೆ ಹೇಳಿದ ಒತ್ತಾಯ ಇದೇ.

ಇಂದು ಬೆಳಿಗ್ಗೆ ಮೂವರೂ ಠಾಣೆಗೆ ಬಂದೆವು. ನಾನು ಬಾಯಿ ತೆರೆಯುವ ಮುಂಚೆ ಅಣ್ಣನೇ ಬಸ್ಸಿನ ಕಥೆ ಹೇಳಿದ, ಬರಹಗಾರರು ಅರ್ಧ ಪುಟ ಬರೆದೂ ಆಗಿತ್ತು. ನಾನು ಬೇರೆ ಹಾಳೆ ತೆಗೆದುಕೊಳ್ಳಿ ಎಂದೆ. ಕಳೆದುಹೋಯ್ತು ಅಂದ್ರೆ ಅರ್ಧ ಗಂಟೆ ಕೆಲಸ ಮೇಡಂ, ಕೇಸು ಅಂದ್ರೆ ನಿಮ್ಮ ಪ್ರಯಾಣ ಗೋವಿಂದ ಎಂದು ಅವರು ಬುದ್ಧಿ ಹೇಳಿದರು. ಹತ್ತನೇ ತಾರೀಖು ತಪ್ಪಬಹುದು ಎಂದು ನನಗೂ ಗೊತ್ತು. ಆದರೂ ಕಳೆದುಹೋಗಿಲ್ಲ. ಒಂಬತ್ತೂ ಈ ಮೇಜಿನ ಮೇಲಿವೆ. ಹಾಳುಮಾಡಿದವನು ಹೊರಗಿನ ಬೆಂಚಿನ ಮೇಲೆ ಕುಳಿತಿದ್ದಾನೆ.

ಇಷ್ಟು ಬರೆದ ಮೇಲೆ ಬರಹಗಾರರು ಅಣ್ಣ, ಅಮ್ಮನನ್ನು ಒಳಗೆ ಕರೆದು ಓದಿ ಹೇಳಿದರು. ಅಣ್ಣ, ಬೋರ್ಡು ಗೀರ್ಡು ಏನೂ ಇರಲಿಲ್ಲ ಸರ್, ಇವಳು ಕಥೆ ಕಟ್ತಿದಾಳೆ, ಬೇಕಿದ್ರೆ ಅಮ್ಮನ್ನ ಕೇಳಿ ಅಂದ. ಬರಹಗಾರರು ಕೇಳಿದರು. ಅಮ್ಮ ಮೇಜಿನ ಹತ್ತಿರ ಬಂದಳು. ನನ್ನ ಮಂಚದ ಕೆಳಗಿದೆ ಸರ್, ಬೆಡ್‌ಶೀಟು ಸುತ್ತಿ ಅವನೇ ತಂದಿಟ್ಟ, ಇದನ್ನೂ ಬರ್ಕೊಳ್ಳಿ ಅಂದಳು.

ಬರೆದದ್ದನ್ನು ಕೇಳಿದ್ದೇನೆ. ನಾನು ಹೇಳಿದ್ದೇ ಇದರಲ್ಲಿದೆ, ಹೇಳದೆ ಇದ್ದದ್ದು ಇಲ್ಲ.

ಸ್ಥಳ: ಇದೇ ಠಾಣೆ
ದಿನಾಂಕ: ಮೇಲಿನಂತೆ
ಸಹಿ: ದೂರುದಾರಳು
ಸಾಕ್ಷಿ: ಈ ಹಾಳೆಯಲ್ಲೂ ಬರಹಗಾರರು ಮೊದಲೇ ಬರೆದಿದ್ದ ಅಣ್ಣನ ಹೆಸರನ್ನು ಹೊಡೆದುಹಾಕಿದೆ. ಆ ಜಾಗದಲ್ಲಿ ಅಮ್ಮ ಸಹಿ ಹಾಕಿದ್ದಾಳೆ.