ಅಪ್ಪನ ತುಟಿ, ಅಪ್ಪನ ದನಿ

ನರಿನ್ ಪಟ್ಟಣದ ನಿಲ್ದಾಣದಲ್ಲಿ ವ್ಯಾನಿಗೆ ಕಾಯುತ್ತಿದ್ದ ಬುರುಲ್ಚಾಳ ಹಿಂದೆಯೇ ಅಕ್ಕ-ತಮ್ಮ ಇಬ್ಬರು ಮಾತಿಗಿಳಿದಿದ್ದರು.

"ನನ್ನ ಮದುವೆ ವಿಡಿಯೊ ಸರಿಹೋಯ್ತೇನೋ?"

"ಹೋಯ್ತಕ್ಕ. ಅಪ್ಪ ಹಾಡೋವಾಗ ತುಟಿ ಒಂದು ಕಡೆ, ದನಿ ಇನ್ನೊಂದು ಕಡೆ ಓಡ್ತಿತ್ತಲ್ಲ?"

"ಹೆಂಗೆ ಕೂಡಿಸ್ದೆ?"

"ಹಾಡೋ ಮುಂಚೆ, ಎಲ್ರೂ ಸುಮ್ನಿರಿ ಅಂತ ಅಪ್ಪ ಚಪ್ಪಾಳೆ ತಟ್ಟಿದ್ರು. ಆ ಸದ್ದನ್ನ ಕೈ ಕೂಡೋ ಚಿತ್ರಕ್ಕೆ ಸರಿಯಾಗಿ ಜರುಗಿಸ್ದೆ. ಮಿಕ್ಕಿದ್ದೆಲ್ಲ ತಾನೇ ಹೊಂದ್ಕೊಳ್ತು."

"ಅಪ್ಪ ನೋಡಿದ್ರಾ?"

"ಲಕ್ವ ಹೊಡೆದ್ಮೇಲೆ ಮಾತೇ ಇರ್ಲಿಲ್ವಲ್ಲ, ನಿನ್ನೆ ತಮ್ಮದೇ ತುಟಿ ನೋಡ್ತಾ ನೋಡ್ತಾ ತಾವೂ ಬಾಯಾಡಿಸಿದ್ರು. 'ಚಹಾ' ಅಂದ್ರು!"

"ಸುಳ್ಳು ಹೇಳ್ಬೇಡ್ವೋ!"

"ಆಣೆಗೂ ನಿಜ. ಅಮ್ಮ ಅಳ್ತಾ ಅಳ್ತಾ ಬಟ್ಟಲ ಮೇಲೆ ಬಟ್ಟಲು ಕುಡಿಸ್ತಾನೇ ಇದ್ದಾಳೆ. ಬೇಗ ಹೋಗೋಣ, ಇಲ್ದಿದ್ರೆ ಮುಂದಿನ ಮಾತು 'ಸಾಕು' ಅಂತಲೇ ಇರತ್ತೆ."

ಬಂದ ವ್ಯಾನಿನಲ್ಲಿ ಜಾಗ ಇಬ್ಬರಿಗಷ್ಟೇ ಇತ್ತು. ಬುರುಲ್ಚಾ ಪಕ್ಕಕ್ಕೆ ಸರಿದು, "ನೀವು ಹತ್ತಿ" ಎಂದಳು.