ಹದಿನಾಲ್ಕು ಗಾಜಿನ ಚೂರು

ದಾಕ್ಷಾಯಣಮ್ಮನವರೇ, ಹೆಡ್‌ಮಾಸ್ಟರ್ ನಂಜುಂಡಯ್ಯನವರೇ, ಚಾಮರಾಜಪೇಟೆಯ ಈ ನಮ್ಮ ಶಾಲೆಯ ಬಂಧುಗಳೇ — ಎಲ್ಲರಿಗೂ ನಮಸ್ಕಾರ. ನಾನು ಮಾಯಣ್ಣ, ಸೈನ್ಸ್ ಮೇಷ್ಟ್ರು. ಹೋದ ಸೋಮವಾರ ಲಿಂಗೈಕ್ಯರಾದ ನಮ್ಮ ಡ್ರಾಯಿಂಗ್ ಮೇಷ್ಟ್ರು ಏಕಾಂತಯ್ಯನವರ ಪಕ್ಕದ ಕೊಠಡಿಯಲ್ಲಿ ಇಪ್ಪತ್ತು ವರ್ಷ ಪಾಠ ಮಾಡಿದವನು. ಇವತ್ತು ಅವರ ಕೊಠಡಿಯಲ್ಲೇ ಸೇರಿದ್ದೇವೆ. ಬಣ್ಣದ ವಾಸನೆ ಇನ್ನೂ ಹೋಗಿಲ್ಲ.

ಮಹನೀಯರೇ, ಏಕಾಂತಯ್ಯನವರು ದಿನಕ್ಕೊಂದು ಚಿತ್ರ ಬರೆಯುತ್ತಿದ್ದರು. ದಿನಕ್ಕೊಂದು — ಇಷ್ಟೇ ಇಷ್ಟು, ಅಂಗೈಯಗಲ. ಯುದ್ಧದ ಕಾಲದಲ್ಲಿ ಕಾಗದ ಸಿಗುತ್ತಿರಲಿಲ್ಲವಲ್ಲ, ಆಗ ಹಳೇ ಲಗ್ನಪತ್ರಿಕೆಗಳನ್ನು ಕತ್ತರಿಸಿ ಹಿಂಬದಿಯಲ್ಲಿ ಬರೆಯಲು ಶುರುಮಾಡಿದರು. ಕಾಗದ ಸಿಕ್ಕ ಮೇಲೂ ಬಿಡಲಿಲ್ಲ. ಹೊಂಗೆಯ ಚಿಗುರು, ಮಳೆ ನಿಂತ ಮೇಲೆ ಬಂದ ಬಸವನಹುಳು, ಕಹಳೆ ಬಂಡೆಯ ಮೇಲಿನ ಓತಿಕ್ಯಾತ. ಆ ಓತಿಕ್ಯಾತನನ್ನು ತಿರುಗಿಸಿ ನೋಡಿದರೆ — ನಮ್ಮ ಅಕ್ಕನ ಮದುವೆ! "ನಿಮ್ಮ ಭಾವನವರಿಗೆ ತೋರಿಸ್ಬೇಡಿ ಮಾಯಣ್ಣೋರೇ, ಹೋಲಿಕೆ ಜಾಸ್ತಿ ಬಂದ್ಬಿಟ್ಟಿದೆ" ಅಂದರು.

ಬರೆಯುವ ಮೊದಲು ಸುಮ್ಮನೆ ನೋಡುತ್ತಿದ್ದರು. ಕುಂಚ ಮುಟ್ಟುತ್ತಿರಲಿಲ್ಲ, ಮಾತಿಲ್ಲ. ನಾನು ಗಡಿಯಾರ ಹಿಡಿದು ನೋಡಿದ್ದೇನೆ — ಸರಿಯಾಗಿ ಎರಡು ನಿಮಿಷ. "ಏನ್ ಸಾರ್, ಎಲೆ ಓಡ್ಹೋಗುತ್ತಾ?" ಅಂತ ಕೆಣಕಿದರೆ, "ಎಲೆ ಎಲ್ಲಿಗ್ ಹೋಗುತ್ತೆ? ಓಡ್ಹೋಗೋನು ನಾನು" ಅನ್ನುತ್ತಿದ್ದರು.

ಪ್ರತಿ ಬೇಸಿಗೆಯಲ್ಲೂ ಮದರಾಸಿಗೆ, ತಂಗಿಯ ಮನೆಗೆ ಹೋಗುತ್ತಿದ್ದರು. ಬರುವಾಗ ಕರವಸ್ತ್ರದ ಗಂಟು. ಒಳಗೆ ಸಮುದ್ರದ ದಡದಲ್ಲಿ ಆರಿಸಿದ ಒಡೆದ ಸೀಸೆಯ ಚೂರುಗಳು. ಅಲೆ ಉಜ್ಜಿ ಉಜ್ಜಿ ಅಂಚೆಲ್ಲ ಸವೆದು, ಮೈ ಮಂಕಾಗಿ, ಕಲ್ಲುಸಕ್ಕರೆಯ ಹಾಗಿರುತ್ತಿದ್ದವು. ನನ್ನ ಲ್ಯಾಬಿನಲ್ಲಿ ಕೆಟ್ಟು ಕೂತಿದ್ದ ಎಲೆಕ್ಟ್ರಿಕ್ ಬೆಲ್ಲಿನ ತಾಮ್ರದ ತಂತಿ ಬಿಚ್ಚಿಸಿಕೊಂಡು, ಒಂದೊಂದಕ್ಕೂ ಸುತ್ತಿ, ತೋರಣ ಕಟ್ಟಿದರು — ಅಗೋ, ಆ ಕಿಟಕಿಯಲ್ಲಿ.

ಈಗ ಒಂದು ತಪ್ಪೊಪ್ಪಿಗೆ. ಅವರ ಶ್ರೀಮತಿಯವರಾದ ದಾಕ್ಷಾಯಣಮ್ಮನವರ ಎದುರಿಗೇ ಹೇಳಬೇಕು.

ಐವತ್ತೊಂದನೇ ಇಸವಿ. ಆ ಸಲ ತಂದ ಹದಿನಾಲ್ಕು ಚೂರುಗಳು ಈ ಮೇಜಿನ ಮೇಲಿದ್ದವು. ಪಾಪ, ಎಷ್ಟು ಮಂಕಾಗಿವೆ ಅನ್ನಿಸಿತು ನನಗೆ. ಅವರಿಗೆ ಹೇಳದೆ ನಗರ್ತಪೇಟೆಗೆ ಒಯ್ದೆ. ಕನ್ನಡಕದ ಗಾಜು ಉಜ್ಜುವವರೊಬ್ಬರ ಹತ್ತಿರ ಪಾಲಿಶ್ ಮಾಡಿಸಿದೆ. ಫಳಫಳ! ಮಾರನೆಯ ದಿನ ಅಂಗೈಯಲ್ಲಿಟ್ಟು — ಹೀಗೆ — ಚಾಚಿದೆ. ಸ್ವಲ್ಪ ಹೊತ್ತು ಸುಮ್ಮನೆ ನಿಂತರು. ಸಂತೋಷಕ್ಕೆ ಮಾತು ಹೊರಡುತ್ತಿಲ್ಲ ಅಂದುಕೊಂಡೆ. "ಚೆನ್ನಾಗಿದೆ ಮಾಯಣ್ಣೋರೇ" ಅಂದು ಜೇಬಿಗೆ ಹಾಕಿಕೊಂಡರು. ಆ ಚೂರುಗಳು ತೋರಣಕ್ಕೆ ಬರಲೇ ಇಲ್ಲ.

ತಿಂಗಳಾದ ಮೇಲೆ ಅವರ ಮನೆಗೆ ಹೋಗಿದ್ದೆ. ದಾಕ್ಷಾಯಣಮ್ಮನವರು ಕಾಫಿ ಕೊಡುತ್ತಾ ಯಾವುದೋ ಮಾತಿಗೆ ಹೇಳಿದರು: "ಆ ಮಂಕು ಹಿಡಿಯೋಕೆ ಮೂವತ್ತು ನಲವತ್ತು ವರ್ಷ ಸಮುದ್ರದಲ್ಲಿ ಬಿದ್ದಿರ್ಬೇಕಂತೆ. ಇವರು ಹುಡುಕ್ಕೊಂಡು ಹೋಗೋದೇ ಅದಕ್ಕೆ." ಕಾಫಿ ಲೋಟ ಕೆಳಗಿಟ್ಟೆ. ಸೈನ್ಸ್ ಮೇಷ್ಟ್ರು ನಾನು — ನನಗಷ್ಟು ತಿಳಿಯಬೇಡವೇ? ಕ್ಷಮೆ ಕೇಳಬೇಕು, ನಾಳೆ ಕೇಳೋಣ ಅಂದುಕೊಂಡೆ. ಐದು ವರ್ಷ ನಾಳೆ, ನಾಳೆ ಅಂದೆ. ಹೋದ ಸೋಮವಾರ ಅದೂ ಮುಗಿಯಿತು.

ಮೊನ್ನೆ ದಾಕ್ಷಾಯಣಮ್ಮನವರು ಚಿತ್ರಗಳನ್ನು ತುಂಬಿಟ್ಟ ಬಿಸ್ಕತ್ತಿನ ಡಬ್ಬಗಳನ್ನು ನನ್ನ ಮುಂದಿಟ್ಟರು. ಒಂದೊಂದಕ್ಕೂ ತಾರೀಖು ಹಾಕಿದ್ದಾರೆ. ನಾನು ಹುಡುಕಿದ್ದು ಒಂದೇ ತಾರೀಖು — ಆ ಗಾಜು ಕೊಟ್ಟ ದಿನದ್ದು. ಅವತ್ತು ಬರೆದಿರಲಾರರು ಅಂತ ನನ್ನ ನಂಬಿಕೆ.

ಬರೆದಿದ್ದರು. ಸ್ವಾಮಿ, ಆ ಡಬ್ಬಗಳ ತುಂಬ ಎಲೆ, ಹಕ್ಕಿ, ಹುಳು. ಹುಡುಕಿದರೂ ಒಬ್ಬ ಮನುಷ್ಯ ಸಿಗುವುದಿಲ್ಲ. ಇದೊಂದರಲ್ಲಿ ಮಾತ್ರ ಒಂದು ಕೈ ಇದೆ. ಚಾಚಿದ ಕೈ, ಅದರ ತುಂಬ ಹೊಳೆಯುವ ಗಾಜು. ಹೆಬ್ಬೆರಳಿನ ಬುಡದಲ್ಲಿ ಆಸಿಡ್ ಸುಟ್ಟ ಕಲೆ —

ಇದೇ ಕಲೆ. ನೋಡಿ.

ಎಷ್ಟು ಪ್ರೀತಿಯಿಂದ ಬರೆದಿದ್ದಾರೆ ಅಂದರೆ, ನನ್ನ ಕೈ ಅಷ್ಟು ಚೆನ್ನಾಗಿದೆಯೆಂದು ನನಗೇ ಗೊತ್ತಿರಲಿಲ್ಲ. ಅವತ್ತು ಸುಮ್ಮನೆ ನಿಂತಿದ್ದರಲ್ಲ, ಆಗ ನೋಡುತ್ತಿದ್ದದ್ದು ಇದನ್ನು. ನಾನು ಅವರ ಮುಖ ನೋಡಲಿಲ್ಲ. ಗಾಜಿನ ಹೊಳಪು ನೋಡಿಕೊಂಡು ಹಿಗ್ಗುತ್ತಿದ್ದೆ. ಕ್ಷಮಿಸಿ ಏಕಾಂತಯ್ಯನವರೇ. ತಡವಾಯಿತು.

ದಯವಿಟ್ಟು ಎಲ್ಲರೂ ಎದ್ದು ನಿಲ್ಲಿ. ಕಣ್ಣು ಮುಚ್ಚಬೇಡಿ, ಅವರು ಮುಚ್ಚುತ್ತಿರಲಿಲ್ಲ. ಕಿಟಕಿಯ ಕಡೆ ತಿರುಗಿ. ತೋರಣದ ಮೇಲೆ ಬಿಸಿಲು ಬಿದ್ದಿದೆ. ಮಾತಿಲ್ಲದೆ ನೋಡೋಣ, ಎರಡು ನಿಮಿಷ. ಗಡಿಯಾರ ನಾನು ಹಿಡಿದಿರುತ್ತೇನೆ.