ಬೆನ್ನ ಹಿಂದೆ ನಿಂತವಳು

ಆಸ್ಪತ್ರೆ ಹಿತ್ತಲಿನ ಆ ಬಾವಿ ದಾಟದೆ ಮನೆಗೆ ಹೋಗೋ ದಾರೀನೇ ಇರ್ಲಿಲ್ಲ ಭವಾನಿಗೆ... ಭವಾನಿ ಅಂದ್ರೆ ನಮ್ಮ ಚಿಕ್ಕಪ್ಪನ ಮಗಳು. ನರ್ಸು. ಇಲ್ಲೇ, ಈ ತಮಿಳರ ಊರಲ್ಲೇ, ಸೌಕಾರ್‌ಪೇಟೆ ಹಿಂದುಗಡೆ ಒಂದು ಸಣ್ಣ ಸರ್ಕಾರಿ ಆಸ್ಪತ್ರೇಲಿ ಕೆಲಸ. ಯಾವ ಆಸ್ಪತ್ರೆ ಅಂತ ಸತ್ರೂ ಹೇಳಲ್ಲ. ಹೇಳಿದ್ರೆ ನಾಳೆ ನೀವೇ ಹೋಗಿ ಬಾವಿ ಮುಂದೆ ನಿಂತು ಫೋಟೋ ತೆಗೆದು ಹಾಕ್ತೀರ, ನಿಮ್ಮ ಬುದ್ಧಿ ನಂಗೆ ಗೊತ್ತು. ಕರೆಂಟ್ ಬರೋತನಕ ದೆವ್ವದ ಕತೆ ಹೇಳು ಅಂತ ಪೀಡಿಸಿದ್ರಿ, ಹೇಳ್ತೀನಿ. ಆದ್ರೆ ಇದು ಕತೆ ಅಲ್ಲ. ಮೊದಲು ಆ ಫೋನ್ ಲೈಟ್ ಆರಿಸಿ.

ಕೊರೋನಾ ಎರಡನೇ ಅಲೆ. ಮೇ ತಿಂಗಳು. ಇಲ್ಲಿ ಕತ್ತರಿ ಬಿಸಿಲು ಅಂತಾರಲ್ಲ, ಅದೇ. ರಾತ್ರಿ ಗೋಡೆ ಮುಟ್ಟಿದ್ರೂ ಕಾದ ಹೆಂಚು ಮುಟ್ಟಿದಂಗೆ ಇರೋದು. ಆ ಆಸ್ಪತ್ರೇಲಿ ಬೆರಳೆಣಿಕೆ ಜನ. ಡಾಕ್ಟರ್ ಮೌನ. ಹೆಸರಷ್ಟೇ ಮೌನ, ಆಯಮ್ಮ ಬಾಯಿ ತೆಗೆದ್ರೆ ಪ್ಯಾರೀಸ್ ಕಾರ್ನರ್ ಸಂತೆ ಗದ್ದಲದಲ್ಲಿ ನಿಂತಂಗೆ ಆಗೋದಂತೆ. ಲ್ಯಾಬ್ ನೋಡ್ಕೊಳ್ಳೋಕೆ ತೇಜಸ್. ಮೈಸೂರು ಕಡೆಯೋರ ಮಗ, ಹುಟ್ಟಿದ್ದು ಇಲ್ಲೇ. ನಾವು ಕನ್ನಡದಲ್ಲಿ ಬೈದ್ರೂ ಅವನು ತಮಿಳಲ್ಲೇ ನಗೋನು. ಇವರ ಜೊತೆ ನಮ್ಮ ಭವಾನಿ.

ಆಗ ನೀನು ಡಾಕ್ಟ್ರು ನಾನು ನರ್ಸು ಅನ್ನೋದೆಲ್ಲ ಹೊಳೇಲಿ ಕೊಚ್ಕೊಂಡು ಹೋಗಿತ್ತು. ಡಾಕ್ಟರೇ ನೆಲ ಒರೆಸೋರು. ತೇಜಸ್ ಸಿಲಿಂಡರ್ ಹೊರೋನು. ಭವಾನಿ ಗಲ್ಲಿ ಬಾಯಲ್ಲಿ ನಿಂತು ಆಂಬುಲೆನ್ಸ್‌ಗೆ ದಾರಿ ಬಿಡಿಸೋಳು. ಒಬ್ಬರು ಕೂಗಿದ್ರೆ ಇನ್ನೊಬ್ಬರು ಕೈಯಲ್ಲಿರೋದು ಬಿಟ್ಟು ಓಡಬೇಕು. ಹಾಗೆ ಓಡಿದ್ದಕ್ಕೇ ಎಷ್ಟೋ ಜನ ಉಳಿದ್ರು. ಅದನ್ನ ನಾನು ಇಲ್ಲ ಅನ್ನಲ್ಲ.

ಆ ಬಿಳಿ ಸೂಟು ನೋಡಿದೀರಲ್ಲ? ಅಡಿಯಿಂದ ಮುಡಿವರೆಗೂ ಪ್ಲಾಸ್ಟಿಕ್. ಹಾಕ್ಕೊಂಡ್ರೆ ನೀರಿಲ್ಲ, ಬಾತ್‌ರೂಮಿಲ್ಲ. ಬೆವರು ಇಳಿದು ಶೂ ಒಳಗೆ ಪಚಕ್ ಪಚಕ್ ಅನ್ನೋದಂತೆ. ಹಾಕೋದು ಸುಲಭ, ಬಿಚ್ಚೋದೇ ಪ್ರಾಣಸಂಕಟ. ರೋಗ ಎಲ್ಲ ಸೂಟಿನ ಹೊರಗಡೆ ಅಂಟಿರತ್ತಲ್ಲ, ಬಿಚ್ಚೋವಾಗ ಕೈ ತಪ್ಪಿದ್ರೆ ಮುಗೀತು. ಮೊದಲು ಮೇಲಿನ ಗ್ಲೌಸು. ಆಮೇಲೆ ಸೂಟು. ಆಮೇಲೆ ಕನ್ನಡಕ. ಮಾಸ್ಕ್ ಕೊನೇಗೆ. ಎಷ್ಟೇ ಉಸಿರು ಕಟ್ಟಲಿ, ಮಾಸ್ಕ್ ಕೊನೇಗೆ.

ದಣಿದ ತಲೆಗೆ ಇದೆಲ್ಲ ಎಲ್ಲಿ ನೆನಪಿರತ್ತೆ? ಅದಕ್ಕೇ ಡಾಕ್ಟರ್ ಮೌನ ಒಂದು ಕಟ್ಟು ಮಾಡಿದ್ರು. ಯಾರೂ ಒಬ್ಬರೇ ಬಿಚ್ಚಂಗಿಲ್ಲ. ಬಿಚ್ಚೋರು ಗೋಡೆಗೆ ಮುಖ ಮಾಡಿ ನಿಲ್ಲಬೇಕು. ಬೆನ್ನ ಹಿಂದೆ, ಬಾಗಿಲ ಹತ್ರ, ಇನ್ನೊಬ್ಬರು ನಿಂತು ಒಂದೊಂದೇ ಹೇಳಬೇಕು. "ಗ್ಲೌಸ್" ಅಂದ್ರೆ ಗ್ಲೌಸ್ ತೆಗೆದು "ಆಚ್ಚು" ಅನ್ನಬೇಕು, ಆಯ್ತು ಅಂತ. ಹಿಂದಿರೋರು "ಪಾತ್ತಾಚ್ಚು" ಅನ್ನಬೇಕು, ನೋಡಿದೆ ಅಂತ. ಅದು ಕಿವಿಗೆ ಬೀಳೋವರೆಗೂ ಮುಂದಿನದಕ್ಕೆ ಕೈ ಹಾಕಂಗಿಲ್ಲ. ತಿರುಗಂತೂ ನೋಡಂಗಿಲ್ಲ, ಸೂಟು ಕೊಡವಿದ್ರೆ ಹಿಂದಿರೋರಿಗೆ ಅಂಟತ್ತೆ. ಕೊನೆಕೊನೆಗೆ ಎಲ್ಲರಿಗೂ ಅಭ್ಯಾಸ ಆಗೋಯ್ತು. ಹಿಂದಿಂದ ಮಾತು ಬಂದ್ರೆ ಸಾಕು, ಕೈ ತಾನೇ ಎದ್ದು ಆ ಕೆಲಸ ಮಾಡೋದು.

ಈ ಕಟ್ಟು ಬಂದಿದ್ದು ಯಾಕೆ ಗೊತ್ತಾ? ಸರಸಕ್ಕ ಹೋದ್ಮೇಲೆ.

ಸರಸಕ್ಕ ಮಂಡ್ಯ ಕಡೆಯ ಹಳೇ ನರ್ಸು. ಮಾಧವರಂನಲ್ಲಿ ಮನೆ. ಆ ಆಸ್ಪತ್ರೇಲಿ ಭವಾನಿ ಜೊತೆ ಕನ್ನಡ ಆಡ್ತಿದ್ದೋಳು ಅವಳೊಬ್ಬಳೇ. "ಮಗಾ" ಅಂತಲೇ ಕರೆಯೋಳು. ಮೊದಲನೇ ಅಲೇಲಿ ಒಂದಿನ ಆಯಮ್ಮ ಸೂಟು ಬಿಚ್ಚೋಕೆ ನಿಂತಿದ್ಲು, ಆಗಿನ್ನೂ ಕಟ್ಟು ಗಿಟ್ಟು ಇರ್ಲಿಲ್ಲ, ಸುಮ್ನೆ ಸಹಾಯಕ್ಕೆ ಅಂತ ಹಿಂದೆ ನಿಂತಿದ್ದು ಭವಾನಿ. ಅಷ್ಟರಲ್ಲಿ ಮುಂದುಗಡೆ ಒಬ್ಬ ಪೇಷಂಟ್ ದೊಪ್ಪಂತ ಬಿದ್ದ. ಡಾಕ್ಟರ್ ಕೂಗಿದ್ರು. ಭವಾನಿ, "ಎರಡು ನಿಮಿಷ ಅಕ್ಕಾ, ಬಂದೆ" ಅಂತ ಓಡಿದ್ಲು. ತಪ್ಪಾ? ನೀವೇ ಹೇಳಿ. ವಾಪಸ್ ಬರೋ ಹೊತ್ತಿಗೆ ಸರಸಕ್ಕ ಸೂಟಿನಲ್ಲೇ ಗೋಡೆಗೊರಗಿ ಕೂತಿದ್ಲು. ಮಾಸ್ಕ್ ಮಾತ್ರ ಕಿತ್ತು ಕೈಯಲ್ಲಿ ಹಿಡ್ಕೊಂಡಿದ್ಲು. "ತಡ್ಯಾಕ್ ಆಗ್ನಿಲ್ಲ ಮಗಾ" ಅಂದ್ಲಂತೆ. ವಾರದಲ್ಲಿ ಜ್ವರ. ಆಮೇಲೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ತಗೊಂಡ್ಹೋದ್ರು, ಮುಖ ಕೂಡ ತೋರಿಸ್ಲಿಲ್ಲ. ರೋಗ ಆವತ್ತೇ ಅಂಟ್ತೋ, ಬೇರೆ ಯಾವಾಗ್ಲೋ, ಶಿವನಿಗೇ ಗೊತ್ತು. ಭವಾನಿ ಮಾತ್ರ ಅವತ್ತಿಂದ ಅರ್ಧ ಅನ್ನ ತಿಂದು ಕೈ ತೊಳೆಯೋಳು.

ಇನ್ನು ಅವಳ ಮನೆ. ಗಂಡ ಸಿದ್ಧಲಿಂಗೇಶನಿಗೆ ಹಿಂದಿನ ವರ್ಷ ತಾನೇ ಕಿಡ್ನಿ ಬದಲಾಯಿಸಿದ್ರು. ಇವನಿಗೆ ಈ ರೋಗ ತಗುಲಿದ್ರೆ ಉಳಿಯಲ್ಲ ಅಂತ ಡಾಕ್ಟ್ರು ಕಡ್ಡಿ ಮುರಿದಂಗೆ ಹೇಳಿದ್ರು. ಅವಳು ಬೇರೆ ಕಡೆ ಇರಬಾರ್ದಿತ್ತಾ ಅಂತೀರಾ? ಹೊತ್ತಿಗೆ ಸರಿಯಾಗಿ ಅವನಿಗೆ ಮಾತ್ರೆ ಕೊಡೋಕೆ ನೀವು ಹೋಗ್ತಿದ್ರಾ? ಸುಮ್ನಿರಿ. ದಿನಾ ಆ ಬಾವಿ ಪಕ್ಕದ ಕೋಣೇಲಿ ಸೂಟು ಸರಿಯಾಗಿ ಬಿಚ್ಚಿದ್ರೆ ಗಂಡ ಉಂಟು. ಇಲ್ದಿದ್ರೆ ಇಲ್ಲ.

ಆ ಮೇ ತಿಂಗಳಲ್ಲೇ ಒಂದು ರಾತ್ರಿ ಕೆಲಸ ಮುಗಿಸಿ ಹಿತ್ತಲಿಗೆ ಬಂದ್ಲು. ಹಳೇ ಸೇಠು ಯಾರೋ ಬಿಟ್ಕೊಟ್ಟ ಕಟ್ಟಡ ಅದು. ಬಾವಿಗೆ ಕಬ್ಬಿಣದ ಜಾಲರಿ. ಒಳಗೆ ಎಲ್ಲೋ ನೀರು ತೊಟ್ಟಿಕ್ಕೋದು... ಟಪ್... ಟಪ್... ಪಕ್ಕದಲ್ಲೇ ಆ ಕೋಣೆ. ಕಿಟಕಿ ಇಲ್ಲ. ಕಬ್ಬಿಣದ ಬಾಗಿಲು, ಹಿಡಿ ಹೊರಗಡೆ ಮಾತ್ರ. ಗಲೀಜು ಕೈಲಿ ಯಾರೂ ಮುಟ್ಟಬಾರ್ದು ಅಂತ ಒಳಗಿನ ಹಿಡಿ ಕತ್ತರಿಸಿ ಹಾಕಿದ್ರು. ತೆಗೆದ್ರೆ ಕಿರ್ರ್ ಅಂತಿತ್ತು, ಹಾಕಿದ್ರೆ ಧಡ್ ಅಂತಿತ್ತು. ಒಳಗೆ ಒಂದು ಫ್ಯಾನು, ಒಂದು ಬಲ್ಬು, ಕೆಳಗೆ ಬಕೆಟ್ಟಿನಲ್ಲಿ ಖಾಲಿ ಹಳದಿ ಚೀಲ.

ಭವಾನಿ ಗೋಡೆಗೆ ಮುಖ ಮಾಡಿದ್ಲು. ಹಿಂದೆ ತೇಜಸ್. ಬಾಯಿ ತೆಗೀಬೇಕು, ಅಷ್ಟರಲ್ಲಿ ಮುಂದಿಂದ ಡಾಕ್ಟರ್ ಕೂಗು. "ತೇಜಸ್! ಸಿಲಿಂಡರ್!"

"ಅಕ್ಕಾ, ಕೈ ವೆಕ್ಕಾದೀಂಗ, ವರೇನ್" ಅಂದ ಅವನು. ಏನಕ್ಕೂ ಕೈ ಹಾಕಬೇಡಿ, ಬರ್ತೀನಿ ಅಂತ. ಓಡೋವಾಗ ಅಭ್ಯಾಸಬಲ, ಬಾಗಿಲು ಎಳ್ಕೊಂಡ. ಧಡ್.

ನಿಂತ್ಲು... ನಿಂತೇ ನಿಂತ್ಲು... ಕರೆಂಟ್ ಹೋಯ್ತು. ಫ್ಯಾನು ಗರ್ ಗರ್ ಗರ್ ಅಂತ ನಿಧಾನವಾಗಿ ನಿಂತೋಯ್ತು. ಕತ್ತಲು ಅಂದ್ರೆ ಕಣ್ಣು ತೆರೆದಿದೀನೋ ಮುಚ್ಚಿದೀನೋ ಗೊತ್ತಾಗದ ಕತ್ತಲು. ಕೂಗಿದ್ಲು. ಎರಡು ಮಾಸ್ಕಿನ ಒಳಗಿಂದ ಕೂಗಿದ್ರೆ ಯಾರಿಗೆ ಕೇಳತ್ತೆ? ಬಾಗಿಲು ಗುದ್ದಿದ್ಲು. ಮುಂದುಗಡೆ ಆಂಬುಲೆನ್ಸ್ ಬಡ್ಕೊಳ್ತಿತ್ತು. ವಾಪಸ್ ಬಂದು, ಕಾಲಲ್ಲೇ ಬಕೆಟ್ ತಡವಿ, ಗೋಡೆ ಮುಂದೆ ನಿಂತ್ಲು. ಮಾಸ್ಕು ಒದ್ದೆಯಾಗಿ ಮೂಗಿಗೆ ಅಂಟಿಕೊಳ್ತಿತ್ತು. ಎಳೆದ್ರೆ ಗಾಳಿ ಇಲ್ಲ... ಬರೀ ತನ್ನದೇ ಬಿಸಿ... ಎದೆ ಡವ ಡವ ಅನ್ನೋದು ಸೂಟಿನೊಳಗೆ ಅವಳಿಗೇ ಕೇಳ್ತಿತ್ತು. ಇಲ್ಲೇ ಸಾಯ್ತೀನಿ ಅನ್ನಿಸ್ತಂತೆ. ನನ್ನ ಹತ್ರ ಹೇಳೋವಾಗ್ಲೂ ಕೊರಳಿನ ಲಿಂಗ ಮುಟ್ಕೊಂಡ್ಲು.

ಆಗ ಹಿಂದಿಂದ... ಮೆಲ್ಲಗೆ...

"ಗ್ಲೌಸ್."

ಅಬ್ಬಾ, ಬಂದ ಅಂದ್ಕೊಂಡ್ಲು. ಮೇಲಿನ ಗ್ಲೌಸು ತೆಗೆದ್ಲು. ಚಟ್... ಚಟ್... ಚೀಲಕ್ಕೆ ಹಾಕಿದ್ಲು. "ಆಚ್ಚು."

ಪಾತ್ತಾಚ್ಚು ಬರ್ಲಿಲ್ಲ.

"ಆಚ್ಚು" ಅಂದ್ಲು ಇನ್ನೊಂದ್ಸಲ.

"ಉಸ್ರು ಕಟ್ತಾ ಅದೆ... ಅಲ್ವಾ?"

ಕನ್ನಡ. ತೇಜಸ್ ಯಾವತ್ತೂ ಕನ್ನಡ ಆಡಿದೋನಲ್ಲ. ಮೇಲಾಗಿ, ಬಾಗಿಲು ಕಿರ್ರ್ ಅಂದೇ ಇರ್ಲಿಲ್ಲ.

"ಮಾಸ್ಕ್ ತಗ್ದ್‌ಬುಡು ಮಗಾ."

ನೋಡಿ, ಇಲ್ಲೇ ಇರೋದು ಹಣೆಬರಹ. ಕೈ ಎದ್ದುಬಿಡ್ತಂತೆ! ಬೇಡ ಬೇಡ ಅಂತ ಮನಸ್ಸು ಕಿರುಚ್ತಿದೆ, ಕೈ ಮಾತ್ರ ಹಿಂದಿನ ಮಾತು ಕೇಳಿ ಎದ್ದು, ಬೆರಳು ಮಾಸ್ಕಿನ ರಬ್ಬರ್ ಒಳಗೆ ತೂರಿದೆ. ಒಂದು ಎಳೆದ್ರೆ ಗಾಳಿ. ಒಂದು ಎಳೆದ್ರೆ ಸಿದ್ಧಲಿಂಗೇಶ ಹೋದ.

"ಪಾತ್ತಾಚ್ಚು ಅನ್ನಲಿಲ್ಲ ನೀನು..." ಅಂತ ಪಿಸುಗುಟ್ಟಿದ್ಲು.

"ಹಂಗಂದ್ರೇನು ಮಗಾ?"

ಗೊತ್ತಿರೋದಾದ್ರೂ ಹೆಂಗೆ? ಆ ಕಟ್ಟು ಬಂದಿದ್ದೇ ಆಯಮ್ಮ ಹೋದ್ಮೇಲೆ. ಭವಾನಿ ರಬ್ಬರಿಂದ ಬೆರಳು ಬಿಡಿಸ್ಕೊಂಡ್ಲು.

"ಸರಸಕ್ಕಾ... ಯಾಕೆ ಬಂದೆ?"

"ಎಲ್ಲ್ ಹೋಗಿದ್ದೆ ಬರಾಕೆ? ಈ ಸೂಟ್ ಒಳ್ಗೇ ಇವ್ನಿ. ಎರಡು ನಿಮಿಸ ಅಂದಿದ್ದಲ್ಲ ನೀನು... ಕಾಯ್ತಾ ಇವ್ನಿ."

ಭವಾನಿ ಅತ್ತುಬಿಟ್ಲು. ಕನ್ನಡಕದ ಒಳಗೆ ಕಣ್ಣೀರು ತುಂಬಿ ರೆಪ್ಪೆಗೆ ತಾಗ್ತಿತ್ತಂತೆ, ಒರೆಸೋ ಹಾಗೂ ಇಲ್ಲ. ಭಯ ಹೋಗಿರ್ಲಿಲ್ಲ, ಹೋಯ್ತು ಅಂತ ನಾನು ಸುಳ್ಳು ಹೇಳಲ್ಲ. ಹಲ್ಲು ಕಟ ಕಟ ಅಂತಿತ್ತು. ಆದ್ರೂ ಗೋಡೆಗೆ ಮುಖ ಮಾಡ್ಕೊಂಡೇ ಹೇಳಿದ್ಲು, "ಬಂದೆ ಅಕ್ಕಾ. ಇಲ್ಲೇ ಇದೀನಿ. ನಾನು ಹೇಳ್ತೀನಿ, ನೀನು ಬಿಚ್ಚು. ಮಾಸ್ಕ್ ಮುಟ್ಟಬೇಡ. ಮೊದಲು ಗ್ಲೌಸ್."

ಬಾವಿ ನೀರು ಟಪ್ ಅಂದಿದ್ದು ಕೇಳ್ತು... ಆಮೇಲೆ ಹಿಂದೆ, ಚಟ್. ಚಟ್.

"ಆಯ್ತು."

"ನೋಡ್ದೆ ಅಕ್ಕಾ. ಈಗ ಜಿಪ್ಪು."

ಸರ್‍ರ್... ಕೊರಳಿಂದ ಕೆಳಗೆ ಇಳಿಯೋ ಸದ್ದು.

"ಸೂಟು ಸುತ್ಕೊಂಡು ಕೆಳಕ್ಕೆ ಬಿಡು. ಒಳಭಾಗ ಹೊರಗೆ ಬರಲಿ. ನಿಧಾನ."

ಪರ ಪರ ಪರ... ಪ್ಲಾಸ್ಟಿಕ್ ಮಡಚೋ ಸದ್ದು. ಕಾಲು ಎತ್ತಿ ಇಡೋ ಸದ್ದು. ಒಂದು... ಇನ್ನೊಂದು... ಯಾರೋ ಪಕ್ಕದಲ್ಲೇ ಬಗ್ಗಿದಂಗಾಯ್ತು. ಬಕೆಟ್ ಸ್ವಲ್ಪ ಜರುಗಿತು.

"ಆಯ್ತು."

"ನೋಡ್ದೆ. ಕನ್ನಡಕ."

"ಆಯ್ತು."

"ನೋಡ್ದೆ... ಈಗ ಮಾಸ್ಕ್ ಅಕ್ಕಾ. ಕಣ್ಣು ಮುಚ್ಕೊ. ಹಿಂದಿನ ರಬ್ಬರ್ ಹಿಡಿದು ತೆಗಿ."

ರಬ್ಬರ್ ಪಟ್ ಅಂತು. ಆಮೇಲೆ ಒಂದು ಉಸಿರು. ಭವಾನಿ ಹೇಳಿದ್ದು, ನೀರಲ್ಲಿ ಮುಳುಗಿದೋರು ಮೇಲೆ ಬಂದು ಎಳ್ಕೊಳ್ತಾರಲ್ಲ, ಆ ಥರ ಉದ್ದಕ್ಕೆ... ಹಾ... ಅಂತ ಎಳ್ಕೊಂಡು, ಮೆಲ್ಲಗೆ ಬಿಟ್ಟಳಂತೆ.

"ಆಯ್ತು ಮಗಾ."

"ನೋಡ್ದೆ ಅಕ್ಕಾ" ಅಂದ್ಲು.

ಕಿರ್ರ್ ಅಂತ ಬಾಗಿಲು ತೆರೀತು. ತೇಜಸ್, ಕೈಲಿ ಟಾರ್ಚು. "ಸಾರಿ ಅಕ್ಕಾ, ಸಾರಿ, ಸಾರಿ." ಆ ಪೇಷಂಟ್ ಉಳ್ಕೊಂಡ, ಅದಕ್ಕೇ ತಡ ಆಗಿತ್ತು. ಭವಾನಿ ತಿರುಗಲಿಲ್ಲ. ಗೋಡೆಗೇ ನಿಂತಿದ್ಲು. ಅವನು ಒಂದೊಂದೇ ಹೇಳಿದ, ಇವಳು ತೆಗೆದ್ಲು, ಪ್ರತಿಸಲ ಪಾತ್ತಾಚ್ಚು ಅಂದ. ಮಾಸ್ಕ್ ಕೊನೇಗೇ ತೆಗೆದ್ಲು. ಸಿದ್ಧಲಿಂಗೇಶನಿಗೆ ಇವತ್ತಿನವರೆಗೂ ಏನೂ ಆಗಿಲ್ಲ. ಮೊನ್ನೆ ಗೃಹಪ್ರವೇಶದಲ್ಲಿ ನನ್ನ ಪಕ್ಕ ಕೂತು ಹೋಳಿಗೆ ಹೊಡೆದ, ನೀವೇ ನೋಡಿದೀರಿ.

ಭವಾನಿ ಸೂಟು ಹಾಕೋಕೆ ಅಂತ ತೇಜಸ್ ಕಡ್ಡಿಯಿಂದ ಹಳದಿ ಚೀಲದ ಬಾಯಿ ಅಗಲ ಮಾಡಿದ. ಜಾಗ ಇರ್ಲಿಲ್ಲ. ಒಳಕ್ಕೆ ಟಾರ್ಚಿನ ಬೆಳಕು ಬಿಟ್ಟ. ಭವಾನಿ ಸೂಟು, ಕನ್ನಡಕ, ಮಾಸ್ಕು ಎಲ್ಲ ಇನ್ನೂ ನೆಲದ ಮೇಲೇ ಬಿದ್ದಿತ್ತು...

"ಅಕ್ಕಾ... ಇದು ಯಾರೋಡ ಡ್ರೆಸ್?"

ಯಾರ ಬಟ್ಟೆ ಇದು ಅಂತ. ಕ್ರಮವಾಗಿ ಒಳಭಾಗ ಹೊರಗೆ ಮಾಡಿ ಸುತ್ತಿಟ್ಟಿದ್ದ ಸೂಟು. ಅದರ ಮೇಲೆ ಕನ್ನಡಕ. ಕನ್ನಡಕದ ಮೇಲೆ ಮಾಸ್ಕು.

ನಗೋರು ನಗಿ. ಭವಾನಿಗೆ ತರಕಾರಿಯವನ ಹತ್ರ ಕೂಡ ಸುಳ್ಳು ಹೇಳೋಕೆ ಬರಲ್ಲ. ನಾನಂತೂ ಒಂದಕ್ಷರ ಸೇರಿಸಿಲ್ಲ. ನಂಬಿಕೆ ಇಲ್ದಿದ್ರೆ ತೇಜಸ್‌ನ ಕೇಳಿ, ತಮಿಳಲ್ಲಿ ಹೇಳ್ತಾನೆ. ಚೀಲದ ಬಾಯಿ ಕಟ್ಟಿ ಎತ್ತಿದ್ದು ಅವನೇ. ಆ ಸೂಟಿಂದ ಬೆವರು ಇಳಿದು ಚೀಲದ ತಳದಲ್ಲಿ ನಿಂತಿತ್ತಂತೆ. ಎರಡು ಗ್ಲೌಸು ಹಾಕ್ಕೊಂಡಿದ್ರೂ ಅವನ ಕೈಗೆ ಬೆಚ್ಚಗೆ ತಾಗ್ತಂತೆ.